ದಿನಾಂಕ ಪ್ರಕಟವಾಗಬೇಕಿದೆ

ಶಿಡ್ಲಘಟ್ಟದ ಈ ಗಲ್ಲಿಗೆ ಆಟದಂಗಡಿಯ ಸುದ್ದಿ
ನನ್ನ ಹಲಗೆಯ ಮೇಲೇ ಬಂದಿಳಿಯಬೇಕು.
ಎರಡು ಹಳೇ ಟೀವಿ, ನಾಲ್ಕು ಕಂಟ್ರೋಲರ್,
ಒಂದರ ಗುಂಡಿ ಅಂಟಿಕೊಳ್ಳುತ್ತದೆ.
ಅರ್ಧ ಗಂಟೆಗೆ ಇಪ್ಪತ್ತು, ಸಾಲ ಇಲ್ಲ.
ಹೊರಗೆ, ಮೋರಿ ಪಕ್ಕ, ಗೋಡೆಗೊರಗಿದ ಹಲಗೆ.

ಆ ಅಂಗಡಿಗೆ ಬಾಗಿಲಿಲ್ಲ, ಬೀಗವಿಲ್ಲ,
ಗಲ್ಲಾಪೆಟ್ಟಿಗೆಯ ಮೇಲೆ ಊದಿನಕಡ್ಡಿಯಿಲ್ಲ,
ಆದರೂ ನನ್ನ ಹೆಸರು ಹಿಡಿದು ಕೂಗುತ್ತದೆ:
'ನೀವು ಕಾಯುತ್ತಿರುವ ಆಟ…'
ಕಾಯುತ್ತಿದ್ದೇನೆಂದು ಯಾರು ಹೇಳಿದರು ಇದಕ್ಕೆ?
ಒಂದು ಸಲ ಹೃದಯದ ಗುರುತು ಒತ್ತಿದ್ದೆ, ಅಷ್ಟೇ.
ಪೆಸಿಫಿಕ್ ಸಮಯ ಬೆಳಿಗ್ಗೆ ಒಂಬತ್ತು ಅಂದರೆ
ನಮ್ಮಲ್ಲಿ ರಾತ್ರಿ ಒಂಬತ್ತೂವರೆ,
ರೇಷ್ಮೆ ಶೆಡ್ಡುಗಳ ಒಲೆ ಆರಿದ ಮೇಲೂ
ಬೆಂದ ಹುಳದ ವಾಸನೆ ಆರದ ಹೊತ್ತು.
ಆಗ ದಿಂಬಿನ ಕೆಳಗೆ ನಡುಗುತ್ತದೆ ಫೋನು.

ನಮ್ಮಪ್ಪ ಪಿಳ್ಳಪ್ಪ ಟೆಂಟ್ ಸಿನಿಮಾಕ್ಕೆ ಪೋಸ್ಟರ್ ಅಂಟಿಸುತ್ತಿದ್ದ.
ಮೈದಾ ಗಂಜಿ, ತೆಂಗಿನ ನಾರಿನ ಕುಂಚ.
'ಅತಿ ಶೀಘ್ರದಲ್ಲಿ' ಎಂಬ ಪಟ್ಟಿ ಬೇರೆ ಕಟ್ಟಿನಲ್ಲಿ,
ಯಾವ ಚಿತ್ರಕ್ಕೆ ಬೇಕಾದರೂ ಸಲ್ಲುವಂತೆ.
'ಅತಿ ಅಂತಿದ್ರೆ ಒಂದು ವಾರ ಕಣೋ,
ಬರೀ ಶೀಘ್ರ ಅಂದ್ರೆ ದೇವರಿಗೇ ಗೊತ್ತು' ಅನ್ನುತ್ತಿದ್ದ.

ನಾನು ಸೀಮೆಸುಣ್ಣ ಹಿಡಿದು ಕನ್ನಡಕ್ಕೆ ಇಳಿಸುತ್ತೇನೆ:
ಮುಂಗಡ ಕೊಟ್ಟವರಿಗೆ ಚಿನ್ನದ ಬಣ್ಣದ ಕತ್ತಿ ಪುಕ್ಕಟೆ.
ಮೂರು ದಿನ ಮೊದಲೇ ಆಡಬಹುದು, ದುಡ್ಡು ಜಾಸ್ತಿ.
ತುಣುಕಿನ ಕೆಳಗೆ ಇರುವೆ ಸಾಲಿನಂಥ ಅಕ್ಷರ,
'ಇದು ಆಟದ ನಿಜವಾದ ದೃಶ್ಯವಲ್ಲ'
ಅದನ್ನೂ ಬರೆಯುತ್ತೇನೆ, ಕತ್ತಿಯಷ್ಟೇ ದಪ್ಪಕ್ಕೆ.
ಗಂಗುಲು ಓದಿ ಕೇಳಿದ,
'ಹಂಗಾದ್ರೆ ಇದು ಯಾವುದರ ದೃಶ್ಯ ಅಣ್ಣಾ?'
ಇವತ್ತಿಗೂ ಉತ್ತರ ಹೊಳೆದಿಲ್ಲ.

ಶಗುಫ್ತಾ ಆಡುವುದಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಾಳೆ.
ದಿನವಿಡೀ ಕುದಿನೀರಲ್ಲಿ ಗೂಡಿನ ಎಳೆ ಹುಡುಕುವ ಬೆರಳು,
ತುದಿ ಸುಲಿದು ಬೆಳ್ಳಗೆ,
ಅವಳ ಫೋನಿಗೇ ಅವಳ ಗುರುತು ಹತ್ತುವುದಿಲ್ಲ.
ನನ್ನ ಫೋನಿನಲ್ಲಿ ಆ ಹೃದಯ ಒತ್ತಿದ್ದು ಅವಳೇ,
ಬೆರಳು ಮಡಚಿ, ಗೆಣ್ಣಿನಿಂದ.
'ರೈಲಿನದು ಬಂತಾ ಭಾಯಿ?'
ನಲವತ್ತು ಸೆಕೆಂಡಿನ ತುಣುಕು: ಹಿಮ, ಒಂಟಿ ರೈಲು,
ನಡೆಸುವವಳು ಹೆಂಗಸು, ನಿಲ್ದಾಣ ಕಾಣಿಸುವುದಿಲ್ಲ.
ಮೊದಲು ಮಾರ್ಚ್ ಎಂದರು. ಆಮೇಲೆ 'ಈ ವರ್ಷ'.
ಆಮೇಲೆ 'ದಿನಾಂಕ ಪ್ರಕಟವಾಗಬೇಕಿದೆ'.
ಅಳಿಸಿ ಅಳಿಸಿ ಹಲಗೆಯ ಆ ಜಾಗ ಬೂದಿ ಬಣ್ಣ.
'ಹುಳ ನಾಲ್ಕನೇ ಜ್ವರ ಬಿಟ್ಟು ಎದ್ರೆ
ಎಂಟು ದಿನಕ್ಕೆ ಗೂಡು ಕಟ್ಟೋಕೆ ಕೂತ್ಕೊಳ್ತವೆ,
ಯಾರಿಗೂ ಮೆಸೇಜು ಹಾಕಲ್ಲ' ಎಂದು ನಕ್ಕಳು.

ಮೊನ್ನೆ ಗುರುವಾರ ಹುಡುಕಿದೆ, ಪುಟವೇ ಇಲ್ಲ.
ಪಟ್ಟಿಯಲ್ಲಿ ಹನ್ನೊಂದಿದ್ದದ್ದು ಹತ್ತಾಗಿದೆ.
ಬರುತ್ತೆ ಬರುತ್ತೆ ಅಂತ ಮೂರು ಸಲ ನಡುಗಿದ ಫೋನು
ಬರೋದಿಲ್ಲ ಅನ್ನಲು ಮಿಸುಕಲಿಲ್ಲ.
ಅಪ್ಪನ ಕಾಲದಲ್ಲಿ ಗೋಡೆಯ ಮೇಲಾದರೂ
ಹರಿದ ಪೋಸ್ಟರಿನ ಒಂದು ಅಂಚು ಉಳಿಯುತ್ತಿತ್ತು,
ನಾಯಕಿಯ ಮೊಣಕೈ, ಕುದುರೆಯ ಬಾಲ.

ಸಂಜೆ ಅವಳು ಬಂದಳು. ನಾನು ಕಂಟ್ರೋಲರ್ ಒರೆಸುತ್ತಲೇ ಇದ್ದೆ.
ಮುಖ ನೋಡಿದಳು, ಸೀಮೆಸುಣ್ಣ ಕೊಡಿ ಎಂದಳು.
ಬೂದಿ ಜಾಗದಲ್ಲಿ, ಸೊಟ್ಟ ಅಕ್ಷರದಲ್ಲಿ:
'ನಾಳೆ ಹತ್ತರಿಂದ ಐದು, ಕರೆಂಟ್ ಇರಲ್ಲ'.
'ಬೆಸ್ಕಾಂನೋರದು ಭಾಯಿ. ಇದು ಬಂದೇ ಬರುತ್ತೆ.
ಚರಕ ನಿಲ್ಲುತ್ತೆ, ನಂಗೂ ರಜಾ.'

ಮಾರನೇ ದಿನ ಗಂಗುಲು ಕೊನೇ ಹಂತದಲ್ಲಿದ್ದ.
ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು,
ಹೋಯಿತು.